ಲಾಭದ ಚೀಲ

ಇದು ೧೯೯೮ರ ಚಳಿಗಾಲದ ಮಾತು. ಎಳ್ಳಮಾವಾಸ್ಯೆಗೆ ಇನ್ನೂ ತಿಂಗಳೊಪ್ಪತ್ತು ಇತ್ತು. ನಾನಾಗ ಜೇವರ್ಗಿಯ ಒಂದು ಬೇಳೆ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ನೆಲೋಗಿಯಿಂದ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಊರಿಗೆ ಹೋಗುವುದು. ಊರಿನಲ್ಲಿ ನನಗೆ ‘ಕಂಪ್ಯೂಟರ್ ಜಗದೇವಿ’ ಎಂದೇ ಹೆಸರು. ಆ ಹೆಸರು ನನಗೆ ಎಷ್ಟು ಹಿಡಿಸಿತ್ತೆಂದರೆ, ಯಾರಾದರೂ ಬರೀ ‘ಜಗದೇವಿ’ ಎಂದು ಕೂಗಿದರೆ ಕೇಳಿಸದವಳ ಹಾಗೆ ಮುಂದೆ ಹೋಗುತ್ತಿದ್ದೆ.

ನಮ್ಮ ಸಾಹುಕಾರರಿಗೆ ಜೇವರ್ಗಿ, ಆಳಂದ, ಅಫಜಲಪುರ ಹೀಗೆ ಮೂರು ಕಡೆ ಮಿಲ್ಲುಗಳಿದ್ದವು. ರೈತರು ತಂದ ತೊಗರಿ ಚೀಲಗಳನ್ನು ಒಂದೊಂದಾಗಿ ತೂಗಿ, ಚೀಲದ ಲೆಕ್ಕ, ತೂಕ, ಕಸಕಡ್ಡಿಯ ಕಡಿತ ಎಲ್ಲ ತೋರಿಸುವ ಚೀಟಿಯನ್ನು ಕಂಪ್ಯೂಟರಿನಿಂದ ಕೊಡುತ್ತಿದ್ದೆವು. ಆ ಪ್ರೋಗ್ರಾಂ ಬರೆದವಳು ನಾನು. ಗುಲಬರ್ಗಾದಲ್ಲಿ ಕಲಿತ ಫಾಕ್ಸ್‌ಪ್ರೊ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಎರಡೇ ಬೆರಳಿನಿಂದ ಬಡಿದು ಬಡಿದು ಬರೆದದ್ದು. ಮೊದಲ ಸುಗ್ಗಿ ಶುರುವಾಗುವ ಮುಂಚೆಯೇ ಅದನ್ನು ಫ್ಲಾಪಿಯಲ್ಲಿ ಹಾಕಿ ಆಳಂದಕ್ಕೂ ಅಫಜಲಪುರಕ್ಕೂ ಕಳಿಸಿದರು. ಮಗಳನ್ನು ಗಂಡನ ಮನೆಗೆ ಕಳಿಸಿದ ತಾಯಿಯ ಹಾಗೆ ನಾನು ಅವತ್ತು ಸುಮ್ಮಸುಮ್ಮನೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದೆ.

ಮೂರು ಊರಿಗೆ ಹೋದ ಪ್ರೋಗ್ರಾಂ ಮೂರು ತೆರನಾಗಿ ಬೆಳೆಯಿತು. ಆಳಂದಕ್ಕೆ ಗಡಿಯಾಚೆಯ ರೈತರು ಬರುತ್ತಿದ್ದರು, ಅಲ್ಲಿ ಚೀಟಿಯ ಮೇಲೆ ಮರಾಠಿ ಮಾತು ಸೇರಿತು. ಅಫಜಲಪುರದವರು ಅಮಾವಾಸ್ಯೆ ಬಂತೆಂದರೆ ಘತ್ತರಗಿಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋಗುವವರು, ಅಲ್ಲಿನ ಪ್ರೋಗ್ರಾಂ ಪ್ರತಿ ಅಮಾವಾಸ್ಯೆ ರಜೆ ತೋರಿಸತೊಡಗಿತು. ನಾನೂ ಇಲ್ಲಿ ಜೇವರ್ಗಿಯಲ್ಲಿ ನನಗೆ ತಿಳಿದ ಹಾಗೆ ತಿದ್ದುತ್ತಾ ಹೋದೆ. ಹೆಸರು ಒಂದೇ, ಒಳಗೆ ಮೂರು ಬೇರೆ. ಒಂದು ಮಿಲ್ಲಿನ ಲೆಕ್ಕ ಇನ್ನೊಂದರ ಕಂಪ್ಯೂಟರಿಗೆ ಹಾಕಿದರೆ ಪರದೆಯ ತುಂಬ ಅಡ್ಡಾದಿಡ್ಡಿ ಗೆರೆ.

ಸಾಹುಕಾರರು ರೇಗಿದರು. “ಎಳ್ಳಮಾಸಿ ಮರುದಿನ ಖರೀದಿ ಚಾಲೂ ಆಗ್ತದ. ಅಷ್ಟೊತ್ತಿಗೆ ಮೂರೂ ಕೂಡಿಸಿ ಒಂದು ಮಾಡ್ರಿ. ಯಾರು ಚಲೋ ಮಾಡ್ತಾರೋ ಮೂರೂ ಮಿಲ್ಲಿನ ಕಂಪ್ಯೂಟರ್ ಅವರ ಕೈಯಾಗ. ಉಳಿದವ್ರು ಅವ್ರು ಹೇಳ್ದಂಗ ಕೇಳ್ಬೇಕು” ಅಂದರು.

ಅದರಲ್ಲಿ ವಿಚಾರ ಮಾಡುವುದೇನಿದೆ ಎಂದು ನಾನು ಮನಸ್ಸಿನಲ್ಲೇ ಆ ಕುರ್ಚಿ ಹತ್ತಿ ಕೂತುಬಿಟ್ಟೆ. ಹೆತ್ತವಳು ನಾನು, ಮತ್ಯಾರ ಕೈಗೆ ಕೊಡುತ್ತಾರೆ? ಅಫಜಲಪುರದ ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಗುರುನಾಥ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ಫ್ಲಾಪಿ ಕೊಟ್ಟು “ನೀವು ಏನು ಮಾಡ್ತೀರೋ ಮಾಡ್ರಿ” ಎಂದು ಹೊರಟೇಹೋದ. ಉಳಿದವಳು ಆಳಂದದ ಮಿಲ್ಲಿನ ಶಾಹೀನ್.

ಶಾಹೀನ್ ಜೇವರ್ಗಿಗೆ ಬಂದು ತನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಳು. ನನಗಿಂತ ಒಂದೋ ಎರಡೋ ವರ್ಷ ಚಿಕ್ಕವಳಿರಬೇಕು. ಬಂದ ದಿನವೇ “ಅಕ್ಕಾ, ನಿಮ್ಮ ಹೆಸರು ಭಾಳ ಕೇಳೀನ್ರಿ” ಎಂದು ನಕ್ಕಳು. ಅಕ್ಕಾ ಎಂದಾಗಲೇ ನನಗೆ ವಯಸ್ಸಾದಂತಾಯಿತು. ಅವಳು ಸೊಲ್ಲಾಪುರದಲ್ಲಿ ಕಲಿತವಳು. ಕೀಲಿಮಣೆ ನೋಡದೆ, ನಮ್ಮ ಕಡೆ ತಿರುಗಿ ಮಾತಾಡುತ್ತಲೇ ಹತ್ತೂ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದಳು. ಸಾಹುಕಾರರು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ನಾನು ಇಷ್ಟು ವರ್ಷ ಟೈಪ್ ಮಾಡಿದ್ದನ್ನು ಅವರು ಒಂದು ದಿನವೂ ನಿಂತು ನೋಡಿದ್ದಿಲ್ಲ. ಎರಡನೇ ದಿನಕ್ಕೇ ಅವಳು ಅವರಿಗೆ ‘ಶಾಹೀನ್ ಬೇಟಿ’ ಆದಳು. ನಾನು ಇದ್ದದ್ದೇ, ‘ಏ ಜಗದೇವಿ’. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ನನ್ನ ವಿಚಾರ ಸರಳವಾಗಿತ್ತು. ನನ್ನ ಪ್ರೋಗ್ರಾಂ ಇಟ್ಟುಕೊಂಡು ಉಳಿದೆರಡರಲ್ಲಿ ಬೇಕಾದ ನಾಲ್ಕು ಸಾಲು ಎತ್ತಿ ಸೇರಿಸಿದರೆ ಮುಗಿಯಿತು. ಶಾಹೀನ್ ಒಪ್ಪಲಿಲ್ಲ. ಸೊಲ್ಲಾಪುರದ ಗುರುಗಳಿಂದ ಒಂದು ಸಾಫ್ಟ್‌ವೇರ್ ತಂದಿದ್ದಳು. ಪ್ರೋಗ್ರಾಂನಲ್ಲಿ ಯಾರು, ಯಾವತ್ತು, ಯಾವ ಸಾಲು, ಯಾಕೆ ಬದಲಿಸಿದರು ಎಂಬುದನ್ನೆಲ್ಲ ಅದು ಸರದಿಯಲ್ಲಿ ಕಾಪಾಡುತ್ತದಂತೆ. ಎಷ್ಟು ಹಿಂದಕ್ಕೆ ಬೇಕಾದರೂ ಹೋಗಿ ಹಳೆಯದನ್ನು ತೆಗೆದು ನೋಡಬಹುದಂತೆ.

“ತೊಗರಿ ಗಿಡ ಇದ್ದಂಗ ಅಕ್ಕಾ. ಬೇರು ಒಂದ, ಟೊಂಗಿ ಮೂರು. ಯಾವ ಟೊಂಗಿ ಎಲ್ಲಿ ಒಡದದ ಅಂತ ಗೊತ್ತಾದ್ರ ಕೂಡಸೂದು ಸಸಾರ. ಅದಕ್ಕ ನಿಮ್ಮ ಹಳೇ ಫ್ಲಾಪಿ ಎಲ್ಲಾ ಬೇಕು. ಭಾಳ ಹಳೇದರಿಂದ ಶುರು ಮಾಡಿ ಒಂದೊಂದ ಒಳಗ ಹಾಕ್ತೇನಿ” ಅಂದಳು.

“ಹಳೇ ಚೀಲ ಝಾಡಿಸಿದ್ರ ಧೂಳು ಬಿಟ್ಟು ಏನ ಬರ್ತದ?” ಎಂದೆ ನಾನು.

“ಬರ್ಲಿ ಬಿಡ್ರಿ, ಧೂಳರೆ ಬರ್ಲಿ” ಎಂದು ಮತ್ತೆ ನಕ್ಕಳು. ಆ ನಗು ನನಗೆ ಸೇರುತ್ತಿರಲಿಲ್ಲ. ಸಿಟ್ಟು ಬಂದರೆ ಸಿಟ್ಟು ಮಾಡಬೇಕು, ಅದನ್ನು ಬಿಟ್ಟು ನಗುವವರನ್ನು ಹೇಗೆ ಬಯ್ಯುವುದು?

ಸಾಹುಕಾರರು ಹೂಂ ಅಂದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕೊನೆಗೆ ನನ್ನ ಫ್ಲಾಪಿಗಳಿಗೂ ಬಂದಳು. ಪ್ರತಿ ಸುಗ್ಗಿಗೂ ಒಂದೆರಡು ನಕಲು ಮಾಡಿ ನೆಲೋಗಿಯ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೆ. ತಂದುಕೊಟ್ಟೆ. ಕೊಡುವಾಗ ಡಬ್ಬಿಯ ಮುಚ್ಚಳ ಮಾತ್ರ ನನ್ನ ಕೈಯಲ್ಲೇ ಇಟ್ಟುಕೊಂಡೆ. ಯಾಕೆಂದು ನನಗೇ ಗೊತ್ತಿಲ್ಲ, ಎಲ್ಲವನ್ನೂ ಕೊಡಲು ಮನಸ್ಸಾಗಲಿಲ್ಲ.

ಎರಡು ದಿನ ಬಿಟ್ಟು, ಅವಳು ಚಹಾಕ್ಕೆ ಎದ್ದಾಗ ಪರದೆಯ ಮೇಲೆ ಕಣ್ಣು ಹಾಯಿಸಿದೆ. ನನ್ನ ಹಳೆಯ ಪ್ರೋಗ್ರಾಂಗಳು ಮೇಲಿಂದ ಕೆಳಗೆ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮುಂದೆಯೂ ಬರೆದವರ ಹೆಸರು: ಶಾಹೀನ್. ಶಾಹೀನ್. ಶಾಹೀನ್. ನಾನು ಮೊಟ್ಟಮೊದಲು ಬರೆದದ್ದರ ಮುಂದೆಯೂ ಶಾಹೀನ್!

ನನ್ನ ಮೈ ಉರಿದುಹೋಯಿತು. ಹಮಾಲರೆಲ್ಲ ಹೊರಗೆ ಕೂತಿದ್ದಾರೆ ಎಂಬ ಖಬರೂ ಇಲ್ಲದೆ ಕೂಗಾಡಿದೆ. “ನಾಚಿಕಿ ಬರೂದಿಲ್ಲೇನಬೇ? ಮಂದಿ ಕೂಸಿಗೆ ನಿನ್ನ ಹೆಸರಿಟ್ಟು ತೊಟ್ಟಲಾ ತೂಗಾಕತ್ತಿ!”

ಅವಳು ಚಹಾದ ಲೋಟ ಕೆಳಗಿಟ್ಟಳು. ಅವತ್ತು ನಗಲಿಲ್ಲ. “ಕಂಪ್ಯೂಟರ್ ಮುಂದ ಯಾರ ಕುಂತಿರ್ತಾರೋ ಅವರ ಹೆಸರು ತಾನ ಹಾಕ್ತದ್ರಿ ಇದು. ಬ್ಯಾರೆಯವರ ಹೆಸರು ಹಾಕೂದ ಹ್ಯಾಂಗಂತ ಪುಸ್ತಕ ನೋಡಿ ಈಗ ಹುಡುಕೇನಿ. ಎಲ್ಲಾ ಅಳಿಸಿ ಮತ್ತ ಮೊದಲಿಂದ ಹಾಕ್ತೇನಿ. ನೀವು ಬಾಜೂಕ ಕೂಡ್ರಿ” ಅಂದಳು.

ಕೂತೆ. ಅವಳು ಒಂದೊಂದೇ ಫ್ಲಾಪಿ ಹಾಕಿ, ಅದರ ಹಳೆಯ ತಾರೀಖು ಕೊಟ್ಟು, ಬರೆದವರ ಹೆಸರು ‘ಜಗದೇವಿ’ ಎಂದು ಟೈಪ್ ಮಾಡುತ್ತಿದ್ದಳು. ಪ್ರತಿ ಸಲವೂ ನನ್ನ ಕಡೆ ತಿರುಗಿ “ಇದರಾಗ ಏನ ಬದಲ್ ಮಾಡೀರಿ? ಯಾಕ ಮಾಡೀರಿ?” ಎಂದು ಕೇಳುತ್ತಿದ್ದಳು. ನಾನು ಮುಖ ಗಂಟಿಕ್ಕಿಕೊಂಡೇ ಹೇಳುತ್ತಿದ್ದೆ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ನನ್ನ ಹೆಸರನ್ನು ನನಗಿಂತ ಚಂದ, ನನಗಿಂತ ಬೇಗ ಅವಳು ಟೈಪ್ ಮಾಡುತ್ತಿದ್ದಳಲ್ಲ, ಅದಕ್ಕೂ ಹೊಟ್ಟೆ ಉರಿಯಿತು.

ಒಂದು ಫ್ಲಾಪಿ ಬಂದಾಗ ನನಗೆ ಹಳೆಯದೆಲ್ಲ ನೆನಪಾಗಿ ಬೇಡವೆಂದರೂ ಮಾತು ಬಂತು. ನಮ್ಮ ಕಡೆ ಕಾಳು ಅಳೆಯುವಾಗ, ಚೀಲ ತೂಗುವಾಗ ಮೊದಲನೆಯದಕ್ಕೆ ಯಾರೂ ‘ಒಂದು’ ಅನ್ನುವುದಿಲ್ಲ. ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದೇ ಎಣಿಕೆ. ಮೊದಲ ಸುಗ್ಗಿಯಲ್ಲಿ ನನ್ನ ಚೀಟಿಯ ಮೇಲೆ ‘1’ ಎಂದು ಅಚ್ಚಾಗಿದ್ದನ್ನು ಹಿರಿಯ ಹಮಾಲ ಹಣಮಂತಪ್ಪ ನೋಡಿ, “ಇಂಥಾ ಅಪಶಕುನದ ಚೀಟಿಗೆ ನಾ ಚೀಲ ಎತ್ತೂದಿಲ್ಲ” ಎಂದು ಕಟ್ಟೆಯ ಮೇಲೆ ಕೂತುಬಿಟ್ಟಿದ್ದ. ರೈತರೂ ಅವನ ಕಡೆಗೇ ಆದರು. ಕೊನೆಗೆ ನಾನು ಒಂದರ ಬದಲು ಇಂಗ್ಲಿಷ್ ಅಕ್ಷರದಲ್ಲಿ ‘ಲಾಭ’ ಎಂದು ಬರುವಂತೆ ಪ್ರೋಗ್ರಾಂ ತಿದ್ದಿದ್ದೆ.

“ಆಳಂದದಾಗೂ ಲಾಭ ಅಂತಾರ ಅಕ್ಕಾ. ಆದ್ರ ಬಾಯಿಲೆ ಅಷ್ಟ. ಚೀಟಿ ಮ್ಯಾಲ ಒಂದ ಇರ್ತದ” ಅಂದಳು ಶಾಹೀನ್. “ಇದಕ್ಕ ಕಾರಣ ಏನಂತ ಬರೀಲಿ?”

“ಹಣಮಂತಪ್ಪನ ಹಟ ಅಂತ ಬರಿ” ಎಂದೆ. ಬರೆದಳು.

ಮೂರನ್ನೂ ಕೂಡಿಸುವಾಗ ಇನ್ನೊಂದು ಪೆಟ್ಟು ಬಿತ್ತು. ಚೀಟಿ ಅಚ್ಚು ಮಾಡುವ ಭಾಗ ನನ್ನದು, ರಜೆಯ ಭಾಗ ಅಫಜಲಪುರದ್ದು, ಲೆಕ್ಕ ಕೂಡಿಸುವ ಭಾಗ ಮಾತ್ರ ಆಳಂದದ್ದು ಇಟ್ಟುಕೊಳ್ಳೋಣ ಎಂದಳು. ತನ್ನದು ಸ್ವಚ್ಛವಾಗಿದೆಯಂತೆ, ಬೇಗ ಓಡುತ್ತದಂತೆ. ನೋಡಿದೆ. ನಿಜವಾಗಿಯೂ ಸ್ವಚ್ಛವಾಗಿತ್ತು. ನನ್ನದು ಮೂರು ಪುಟ ಇದ್ದದ್ದು ಅವಳದು ಅರ್ಧ ಪುಟದಲ್ಲಿತ್ತು. ಸಾಹುಕಾರರಿಗೆ ಇದು ತಿಳಿಯಿತು. “ಹೊಸ ಕಸಬರಗಿ ಚಲೋ ಗುಡಸ್ತದ” ಎಂದು ನನ್ನ ಮುಂದೆಯೇ ನಕ್ಕರು. ಗಿಡ ನೆಟ್ಟವಳು ನಾನು, ನಾನೀಗ ಅದರ ಒಂದು ಟೊಂಗೆ. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದಲ್ಲಿದ್ದ ಮುದುಕಿ “ಯಾರರೆ ತೀರ್ಕೊಂಡಾರೇನವ್ವಾ” ಎಂದು ಕೇಳಿದಳು. ಹೌದೆಂದೆ.

ಎಳ್ಳಮಾವಾಸ್ಯೆ ಬಂತು. ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ ಉಂಡು ಬಂದರು. ನನಗೆ ಕಾಳು-ಸೊಪ್ಪಿನ ಭಜ್ಜಿಯೂ ರುಚಿಸಲಿಲ್ಲ, ಕಡಬೂ ರುಚಿಸಲಿಲ್ಲ. ಮರುದಿನ ಮಿಲ್ಲಿನಲ್ಲಿ ಶಾಹೀನಳಿಗೆ ಪಟ್ಟ ಕಟ್ಟುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

ಮರುದಿನ ಗಾಡಿಗಳು, ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ತೂಕದ ಕಾಟಾಕ್ಕೆ ಹೂವು ಏರಿಸಿ ಕಾಯಿ ಒಡೆದರು. ಮೊದಲ ಸರದಿ ಕೊಳಕೂರಿನ ಶರಣಮ್ಮನದು. ಗಂಡನಿಲ್ಲದೆ ತಾನೇ ಒಕ್ಕಲುತನ ಮಾಡಿಸುವ ಗಟ್ಟಿ ಹೆಂಗಸು. ಹಣಮಂತಪ್ಪ ಅವಳ ಮೊದಲ ಚೀಲಕ್ಕೆ ಕುಂಕುಮ ಹಚ್ಚಿ ಕಾಟಾದ ಮೇಲಿಟ್ಟು ದನಿ ಎತ್ತಿ “ಲಾಭಾ” ಅಂದ. ಶಾಹೀನ್ ಟೈಪ್ ಮಾಡಿದಳು. ಏಳು ಚೀಲ ತೂಗಿದ ಮೇಲೆ ಚೀಟಿ ಬಂತು. ಸಾಹುಕಾರರು ತಾವೇ ಹರಿದು ಶರಣಮ್ಮನ ಕೈಗೆ ಕೊಟ್ಟರು. ಅವಳು ಪಕ್ಕದವನಿಂದ ಓದಿಸಿದಳು. ಮೊದಲ ಸಾಲಿನಲ್ಲಿ ‘ಲಾಭ’ ಸರಿಯಾಗಿಯೇ ಇತ್ತು. ಕೆಳಗೆ ಒಟ್ಟು ಚೀಲ: ಆರು.

“ಆರಾ? ಏಳು ತಂದೇನ್ರೀ ನಾ! ಕುಂಕುಮ ಹಚ್ಚಿದ ಚೀಲಾನ ನುಂಗಿದ್ರೇನ್ರೀ?” ಎಂದು ಶರಣಮ್ಮ ಕಿರುಚಿದಳು.

ಮತ್ತೊಮ್ಮೆ ಚೀಟಿ ತೆಗೆದರು. ಆರೇ. ಮುಂದಿನವನದು ನಾಲ್ಕು ಚೀಲ ತೂಗಿದರೆ ಚೀಟಿಯಲ್ಲಿ ಮೂರು. ಗದ್ದಲ ಎದ್ದಿತು. ಗಾಡಿಯವರು ಎತ್ತು ಹೂಡತೊಡಗಿದರು. ಹಣಮಂತಪ್ಪ ತಲೆಯ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು “ಮೊದಲನೇ ದಿನಾನೇ ಹಿಂಗಾದ್ರ ನಮ್ಮ ಮಂದಿ ಚೀಲ ಮುಟ್ಟೂದಿಲ್ರಿ” ಎಂದ.

ಸಾಹುಕಾರರ ಮುಖ ಕೆಂಪೇರಿತು. ಅಷ್ಟು ಜನರ ಎದುರಿಗೆ ಶಾಹೀನಳನ್ನು ಬಾಯಿಗೆ ಬಂದಂತೆ ಬೈದರು. ಬೇಟಿ ಗೀಟಿ ಎಲ್ಲ ಎಲ್ಲೋ ಹೋಯಿತು. “ಆಳಂದದಾಕೀನ ನಂಬಿ ಮೂರು ಊರಾಗ ಮಾನ ಕಳಕೊಂಡೆ. ಇವತ್ತಿನಿಂದ ಮೂರೂ ಮಿಲ್ಲು ಜಗದೇವಿನ ನೋಡ್ಕೋತಾಳ. ಕೂಡ್ರು ಬಾ ಜಗದೇವಿ, ಏನಾಗೇದ ನೋಡು!”

ನನಗೆ ಏನೆನ್ನಿಸಿತು ಗೊತ್ತೇ? ಸುಳ್ಳು ಹೇಳುವುದಿಲ್ಲ. ಸಕ್ಕರೆ ತಿಂದಂತಾಯಿತು. ಅವಳ ತುಟಿ ನಡುಗುತ್ತಿದ್ದುದನ್ನು ಕಣ್ಣು ತುಂಬ ನೋಡಿದೆ. ಹತ್ತು ಬೆರಳೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅದನ್ನೂ ನೋಡಿದೆ.

ಆದರೆ ಕುರ್ಚಿಯಲ್ಲಿ ಕೂತ ಮೇಲೆ ಏನೂ ತೋಚಲಿಲ್ಲ. ಚೀಟಿ ಅಚ್ಚು ಮಾಡುವ ನನ್ನ ಭಾಗ ನೋಡಿದೆ, ಸರಿಯಾಗಿತ್ತು. ಲೆಕ್ಕ ಕೂಡಿಸುವ ಅವಳ ಅರ್ಧ ಪುಟ ನೋಡಿದೆ, ಅದೂ ಸರಿಯಾಗಿತ್ತು. ಹೊರಗೆ ಎತ್ತಿನ ಗೆಜ್ಜೆ ಸಪ್ಪಳ, ಬೈಗುಳ. ನನ್ನ ಎರಡು ಬೆರಳೂ ಕೀಲಿಮಣೆಯ ಮೇಲೆ ನಿಂತಲ್ಲೇ ನಿಂತಿದ್ದವು.

ಆಗ ಪಕ್ಕದಲ್ಲಿ ನಿಂತಿದ್ದ ಶಾಹೀನ್ ಸಣ್ಣ ದನಿಯಲ್ಲಿ “ಅಕ್ಕಾ, ಹಳೇದ ತಗಿಯೋಣು. ನಿಮ್ಮ ಜೇವರ್ಗಿ ಟೊಂಗಿಯಾಗ ಏಳಕ್ಕ ಏಳು ಬರ್ತಿತ್ತಲ್ರಿ. ಲಾಭ ಅನ್ನೂದು ಯಾವತ್ತು ಬಂದದ ನೋಡೋಣು” ಅಂದಳು. ಅಷ್ಟು ಬೈಸಿಕೊಂಡವಳು ಎದ್ದು ಹೋಗಿರಲಿಲ್ಲ. ನಾನಾಗಿದ್ದರೆ ಅಷ್ಟೊತ್ತಿಗೆ ನೆಲೋಗಿಯ ಬಸ್ಸಿನಲ್ಲಿರುತ್ತಿದ್ದೆ.

ಬಗ್ಗಿ ನಿಂತೇ ಅವಳು ಒಂದಿಷ್ಟು ಟೈಪ್ ಮಾಡಿದಳು. ಆ ಹಳೆಯ ಫ್ಲಾಪಿಯ ಪ್ರೋಗ್ರಾಂ, ಅದಕ್ಕಿಂತ ಹಿಂದಿನದಕ್ಕೂ ಅದಕ್ಕೂ ಇರುವ ಫರಕಿನ ಸಮೇತ ಪರದೆಯ ಮೇಲೆ ಬಂತು. ಎಲ್ಲರಿಗೂ ಕೇಳುವಂತೆ ಓದಿದಳು: “ಬರೆದವರು ಜಗದೇವಿ. ಕಾರಣ, ಹಣಮಂತಪ್ಪನ ಹಟ.”

ಹಣಮಂತಪ್ಪ ಬಾಗಿಲಿನಿಂದ ಇಣುಕಿ “ನನ್ನ ಹೆಸರು ಯಾಕ ಬಂತ್ರೀ ಅದರಾಗ?” ಎಂದ. ಯಾರೋ ಕಿಸಕ್ಕೆಂದರು. ಆಮೇಲೆ ಶರಣಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗಾಡಿಯವರು ಹೂಡಿದ ಎತ್ತು ಹಾಗೇ ನಿಲ್ಲಿಸಿ ಒಳಗೆ ಇಣುಕಿದರು.

ಅವತ್ತು ನಾನು ಬದಲಿಸಿದ್ದು ಎರಡು ಸಾಲು. ಚೀಟಿಯ ಮೇಲೆ ಒಂದರ ಬದಲು ‘ಲಾಭ’ ಅಚ್ಚು ಮಾಡುವುದು ಒಂದು. ಅದು ನೆನಪಿತ್ತು. ಲೆಕ್ಕ ಕೂಡಿಸುವಾಗ ‘ಲಾಭ’ ಕಂಡರೆ ಅದನ್ನು ಒಂದು ಎಂದೇ ಹಿಡಿ ಎಂಬುದು ಎರಡನೆಯದು. ಅದು ನನಗೇ ಮರೆತುಹೋಗಿತ್ತು. ಕಂಪ್ಯೂಟರಿಗೆ ಅಂಕಿ ಗೊತ್ತು, ನಮ್ಮ ಪದ್ಧತಿ ಏನು ಗೊತ್ತು? ಲಾಭ ಎಂದರೆ ಅದಕ್ಕೆ ಸೊನ್ನೆ, ಸೊನ್ನೆಯ ಚೀಲ ಒಟ್ಟಿನಲ್ಲಿ ಸೇರುವುದೇ ಇಲ್ಲ. ನನ್ನ ಲೆಕ್ಕದ ಭಾಗ ತೆಗೆದು ಅವಳದನ್ನು ಇಟ್ಟಾಗ ಆ ಎರಡನೇ ಸಾಲು ಬಿದ್ದುಹೋಗಿತ್ತು. ಮಿಲ್ಲಿನಲ್ಲಿ ನಾವು ಪರೀಕ್ಷೆ ಮಾಡಿದಾಗ ‘ಲಾಭ’ ಚಂದವಾಗಿ ಅಚ್ಚಾಗಿದ್ದನ್ನು ನೋಡಿ ಖುಷಿಪಟ್ಟಿದ್ದೆವೇ ಹೊರತು ಕೆಳಗಿನ ಒಟ್ಟು ನೋಡುವ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ.

ಶಾಹೀನ್ ಆ ಸಾಲನ್ನು ನನ್ನ ಟೊಂಗೆಯಿಂದ ಎತ್ತಿ ಹೊಸದರಲ್ಲಿ ಸೇರಿಸಿದಳು. ಸೇರಿಸುವಾಗ ಬರೆದವರ ಹೆಸರು ಮತ್ತೆ ‘ಜಗದೇವಿ’ ಎಂದೇ ಹಾಕಿದಳು. ಚೀಟಿ ತೆಗೆದಳು. ಏಳು. ಇನ್ನೊಬ್ಬನದು ನಾಲ್ಕು.

ಸಾಹುಕಾರರು ಕೆಮ್ಮಿ “ಏನಾಗಿತ್ತು?” ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಶಾಹೀನ್ ಜನರ ಕಡೆ ತಿರುಗಿದಳು. “ತಪ್ಪು ನಂದ್ರಿ. ಜಗದೇವಕ್ಕ ನಿಮ್ಮ ಲಾಭದ ಚೀಲ ಮೊದಲ ವರ್ಷದಾಗ ಸರಿ ಲೆಕ್ಕಕ್ಕ ಹಿಡಿದಿದ್ರು. ಕೂಡಸೂ ಮುಂದ ನಾ ಕೈಬಿಟ್ಟೆ. ಲಾಭ ಅಂದ್ರ ಒಂದ ಅಂತ ನನಗೂ ಗೊತ್ತಿತ್ತು, ಕಂಪ್ಯೂಟರಿಗೆ ಹೇಳೂದ ಮರತೆ. ಮಾಫ್ ಮಾಡ್ರಿ” ಎಂದು ಕೈ ಮುಗಿದಳು.

ಅಲ್ಲಿಗೆ ನಾನು ಸೋತೆ. ಕುರ್ಚಿಯಲ್ಲಿ ನಾನೇ ಕೂತಿದ್ದೆ, ಸಾಹುಕಾರರು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆದರೆ ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಹಣಮಂತಪ್ಪ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡು “ತಪ್ಪು ಯಾರಿಗಿ ಆಗೂದಿಲ್ಲ ಬೇಟಿ” ಎಂದು ಚೀಲ ಎತ್ತಲು ಹೋದ. ಬೇಟಿ! ಇಷ್ಟು ವರ್ಷ ಅವನ ಹಟ ಕಾಪಾಡಿದವಳು ನಾನು.

ಮಧ್ಯಾಹ್ನ ತೂಕ ನಿಂತಾಗ ಶರಣಮ್ಮ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಳು. ಹಬ್ಬದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ. “ಬಾ ಯವ್ವಾ, ಮುಂಜಾನಿಂದ ಮಾರಿ ಸಣ್ಣ ಮಾಡಕೊಂಡು ನಿಂತಿ” ಎಂದು ಶಾಹೀನಳ ಕೈ ಹಿಡಿದು ಕೂರಿಸಿದಳು. ನನ್ನನ್ನೂ ಕರೆದಳು. ಹೋದೆ. ಹೋಗದೆ ಇದ್ದರೆ ಹೊಟ್ಟೆಕಿಚ್ಚು ಎಲ್ಲರಿಗೂ ಕಾಣಿಸುತ್ತದಲ್ಲ.

ಶರಣಮ್ಮ ಬೆಳಗಿನ ಜಗಳವನ್ನು ನೆನೆದು ನಗುತ್ತಾ ಮೊದಲ ರೊಟ್ಟಿ ಎತ್ತಿ ಶಾಹೀನಳ ಕೈಗಿಟ್ಟು, “ತಗೋ, ಲಾಭ” ಅಂದಳು. ಮುಂದಿನದನ್ನು ನನ್ನ ಕೈಗಿಟ್ಟು “ಎರಡು” ಅಂದಳು. ಸುತ್ತ ಇದ್ದವರು ನಕ್ಕರು. ಶಾಹೀನಳೂ ನಕ್ಕಳು. ನಾನೂ ನಕ್ಕೆ. ರೊಟ್ಟಿಯನ್ನು ಮಾತ್ರ ಮುರಿಯದೆ ಕೈಯಲ್ಲೇ ಹಿಡಿದು ಕೂತೆ.

ಮುಂದೆ ಮೂರೂ ಮಿಲ್ಲಿನ ಪ್ರೋಗ್ರಾಂ ನನ್ನ ಕೈಯಲ್ಲೇ ಉಳಿಯಿತು. ಶಾಹೀನ್ ಆಳಂದಕ್ಕೆ ಹೋದಳು. ಏನಾದರೂ ಬದಲಿಸಬೇಕಾದರೆ “ಅಕ್ಕಾ, ಮಾಡ್ಲೇನ್ರಿ?” ಎಂದು ಫೋನು ಮಾಡಿ ಕೇಳುತ್ತಿದ್ದಳು. ಕೇಳುವ ಕೆಲಸ ಅವಳದು, ಹೂಂ ಅನ್ನುವ ಅಧಿಕಾರ ನನ್ನದು. ಆದರೂ ಪ್ರತಿ ಸುಗ್ಗಿಗೆ ಕಾಟಾಕ್ಕೆ ಹೂವು ಏರಿಸುವಾಗ ಹಮಾಲರು ಕೇಳುತ್ತಿದ್ದುದು ಒಂದೇ ಮಾತು: “ಆಳಂದದ ಶಾಹೀನ್ ಬಾಯಾರು ಈ ಸಲ ಬರೂದಿಲ್ಲೇನ್ರಿ?”

ಈಗ ಆ ಮಿಲ್ಲೂ ಇಲ್ಲ, ಆ ಪ್ರೋಗ್ರಾಮೂ ಇಲ್ಲ. ಶಾಹೀನ್ ಒಳ್ಳೆಯವಳು ಎಂದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಷ್ಟು ಉರಿಯಿತು. ಕೆಟ್ಟವಳಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಇವತ್ತಿಗೂ ಬೀಸಲು ಕಳಿಸುವ ಜೋಳ ಅಳೆಯುವಾಗ ಮೊದಲ ಸೇರಿಗೆ ರೂಢಿಯಂತೆ ಲಾಭ ಎನ್ನುತ್ತೇನೆ. ಆಗ ಏನೂ ಆಗುವುದಿಲ್ಲ. ಮುಂದಿನ ಸೇರಿಗೆ ‘ಎರಡು’ ಎನ್ನುವಾಗ ಮಾತ್ರ ಹೊಟ್ಟೆಯ ಮೂಲೆಯಲ್ಲಿ ಒಂದು ಸಣ್ಣ ಕಿಡಿ ಚುರುಕ್ಕೆನ್ನುತ್ತದೆ.